ಬಡಗಿ ದುಂಬಿ: ತಡವಾಗಿ ಕೊಟ್ಟ ಒಂದು ಉತ್ತರ



ಕಳೆದ ತಿಂಗಳು ಊರಿನ ಹಳೆಯ ಮನೆಗೆ ಹೋಗಿ ಬಂದೆ. ಬರುವ ಬೇಸಿಗೆಯಲ್ಲಿ ಆ ಮನೆಯನ್ನು ಬಿಚ್ಚುವುದೆಂದು ನಾವೆಲ್ಲ ಸೇರಿ ತೀರ್ಮಾನಿಸಿರುವುದು ಬಂಧುಗಳಿಗೆ ತಿಳಿದೇ ಇದೆ. ವಾಸಿಸುವವರಿಲ್ಲದ ಮನೆ; ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವವರೂ ಇಲ್ಲ. ಮರಮುಟ್ಟುಗಳಿಗೆ ಬೆಲೆ ಕಟ್ಟಲು ವ್ಯಾಪಾರಿಯೊಬ್ಬರು ಬಂದಿದ್ದರು. ತೊಲೆ, ಜಂತೆ, ಬಾಗಿಲುವಾಡಗಳನ್ನು ಬೆರಳ ಗಂಟಿನಿಂದ ಬಡಿದು ನೋಡುತ್ತ, ಪುಸ್ತಕದಲ್ಲಿ ಬರೆದುಕೊಳ್ಳುತ್ತ ಬಂದವರು ಪಡುವಣ ಜಗಲಿಯ ಕೊನೆಯ ಕಂಬದೆದುರು ನಿಂತರು. ಕಂಬದ ಮೇಲ್ಭಾಗದಲ್ಲಿ ಬೆರಳು ಹೋಗುವಷ್ಟು ದೊಡ್ಡ, ಬೈರಿಗೆಯಿಂದ ಕೊರೆದಂತೆ ದುಂಡಗಿನ ಏಳೆಂಟು ತೂತುಗಳು. "ಇದು ಲೆಕ್ಕಕ್ಕಿಲ್ಲ ಮೇಷ್ಟ್ರೇ, ದುಂಬಿ ಹೊಡೆದಿದೆ. ಸೌದೆಗೆ ಆದೀತು ಅಷ್ಟೆ" ಎಂದರು. ಆ ಮಾತು ಮುಗಿಯುವ ಮುನ್ನವೇ ಒಂದು ತೂತಿನಿಂದ ಕಪ್ಪು ದುಂಬಿಯೊಂದು ಹೊರಬಂದು, ನಮ್ಮಿಬ್ಬರ ನಡುವೆ ಒಂದು ಸುತ್ತು ಹಾಕಿ, ತೋಟದ ಕಡೆಗೆ ಹಾರಿಹೋಯಿತು.

ಅದನ್ನು ಕಂಡಾಗ ನಲವತ್ತು ವರ್ಷಗಳ ಹಿಂದಿನ ಒಂದು ಪ್ರಶ್ನೆ ನೆನಪಾಯಿತು. ಅದಕ್ಕೆ ನಾನು ಅಂದು ಕೊಟ್ಟ ಉತ್ತರ ತಪ್ಪಾಗಿತ್ತು.

1984ರ ಮಾರ್ಚ್ ತಿಂಗಳು. ನಾನಾಗ ಮಲೆನಾಡಿನ ಒಂದು ಹಳ್ಳಿಯ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಬೆಳಗಿನ ಮೊದಲ ಅವಧಿಯಲ್ಲಿ ಎಂಟನೆಯ ತರಗತಿಗೆ ಷಟ್ಪದಿಯ ಪಾಠ. ಷಟ್ಪದಿ ಎಂದರೆ ಆರು ಸಾಲಿನ ಪದ್ಯ. ಷಟ್ಪದ ಎಂದರೆ ಆರು ಕಾಲಿನ ದುಂಬಿಯೂ ಹೌದು ಎಂದು ಉತ್ಸಾಹದಿಂದ ವಿವರಿಸಿದ್ದೆ. ಮಧ್ಯಾಹ್ನ ಶಾಲೆಯ ಸಭಾಂಗಣದ ತೊಲೆಗಳನ್ನು ದುರಸ್ತಿ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ತೊಲೆಯ ತುಂಬ ದುಂಬಿಯ ತೂತುಗಳು. ಕೆಳಗಿನ ಬೆಂಚುಗಳ ಮೇಲೆ ದಿನವೂ ಉದುರುವ ಮರದ ಹೊಟ್ಟು. ನಾನು ಏಣಿ ಹಾಕಿಸಿ, ಪ್ರತಿಯೊಂದು ತೂತಿಗೂ ಸೀಮೆಎಣ್ಣೆ ಸುರಿಸಿ, ಸಿಮೆಂಟಿನಿಂದ ಮುಚ್ಚಿಸಿದೆ. ಏಣಿ ಹಿಡಿದು ನಿಂತಿದ್ದ ವಿದ್ಯಾರ್ಥಿನಿಯೊಬ್ಬಳು ಮೆಲ್ಲನೆ ಕೇಳಿದಳು: "ಸಾರ್, ಬೆಳಿಗ್ಗೆ ಪಾಠದಲ್ಲಿ ಹೇಳಿದ ದುಂಬಿ ಇದೇ ಅಲ್ವಾ?" ನಾನು ಹಿಂದುಮುಂದು ಯೋಚಿಸದೆ ಹೇಳಿದೆ: "ಅಲ್ಲಮ್ಮ, ಅದು ಕಾವ್ಯದ ದುಂಬಿ. ಇದು ಮರ ತಿನ್ನುವ ಹುಳು."

ಆ ಸಂಜೆ ಹೂಗಳಿಂದ ಮರಳಿದ ದುಂಬಿಗಳು ಮುಚ್ಚಿದ ತೂತುಗಳ ಮುಂದೆ ಕತ್ತಲಾಗುವವರೆಗೂ ಸುತ್ತುತ್ತಿದ್ದವು. ಮರುದಿನವೂ ಬಂದವು, ಅದರ ಮರುದಿನವೂ. ನಾಲ್ಕನೆಯ ದಿನ ಬರಲಿಲ್ಲ. ಹುಡುಗಿ ಮತ್ತೇನೂ ಕೇಳಲಿಲ್ಲ. ಆ ಉತ್ತರದ ಎರಡೂ ಭಾಗಗಳು ಸುಳ್ಳೆಂದು ತಿಳಿಯಲು ನನಗೆ ನಿವೃತ್ತಿಯ ಬಿಡುವು ಬೇಕಾಯಿತು. ಓದಿ ತಿಳಿದುದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮೊದಲು ಹೆಸರಿನ ವಿಚಾರ. ಇಂದು ಕನ್ನಡದಲ್ಲಿ ದುಂಬಿ ಎಂಬ ಪದದ ಅರ್ಥ ಸಡಿಲವಾಗಿದೆ. ತೆಂಗಿನ ಸುಳಿ ಕೊರೆಯುವ ಗಟ್ಟಿ ಕವಚದ ಕೀಟವನ್ನೂ ಕೃಷಿ ಕೈಪಿಡಿಗಳು ದುಂಬಿ ಎಂದೇ ಕರೆಯುತ್ತವೆ. ಅದು ಜೀರುಂಡೆಯ ಜಾತಿ. ನಾನು ಹೇಳುತ್ತಿರುವುದು ಅದನ್ನಲ್ಲ. ಜೇನಿನ ಬಳಗಕ್ಕೆ ಸೇರಿದ, ಹೆಬ್ಬೆರಳ ತುದಿಯಷ್ಟು ದಪ್ಪನಾದ, ಮೈಯೆಲ್ಲ ಕಪ್ಪಾಗಿ ರೆಕ್ಕೆಗಳಲ್ಲಿ ನೀಲಿ ನೇರಳೆಯ ಹೊಳಪುಳ್ಳ ಒಂಟಿ ಜೇನು ನನ್ನ ವಿಷಯ. ಮರ ಕೊರೆದು ಮನೆ ಕಟ್ಟುವುದರಿಂದ ಅದನ್ನು ಬಡಗಿ ದುಂಬಿ, ಬಡಗಿ ಜೇನು ಎನ್ನುವುದುಂಟು.

ಹಳಬರಿಗೆ ಈ ಗೊಂದಲವಿರಲಿಲ್ಲ. ಅಮರಸಿಂಹನ ನಿಘಂಟನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದವರು ನೆನಪಿಸಿಕೊಳ್ಳಲಿ. ಅಲ್ಲಿ ಜೇನುನೊಣಕ್ಕೆ ಸರಘಾ, ಮಧುಮಕ್ಷಿಕಾ ಎಂಬ ಹೆಸರುಗಳು ಒಂದು ಕಡೆ. ಮಧುವ್ರತ, ಮಧುಕರ, ಭೃಂಗ, ಷಟ್ಪದ, ಭ್ರಮರ, ಅಲಿ ಎಂಬ ದುಂಬಿಯ ಹೆಸರುಗಳು ಬೇರೆಯೇ ಒಂದು ಕಡೆ. ಜೇನುನೊಣ ಬೇರೆ, ದುಂಬಿ ಬೇರೆ ಎಂಬ ಅರಿವು ಆ ವಿಂಗಡಣೆಯಲ್ಲಿಯೇ ಇದೆ. ಆ ಸಾಲಿನ ದ್ವಿರೇಫ ಎಂಬ ಪದದ ಬಗ್ಗೆ ಎಷ್ಟೋ ತರಗತಿಗಳಲ್ಲಿ ನಾನು ತಮಾಷೆಯಾಗಿ ಹೇಳಿದ್ದುಂಟು: ಎರಡು ರೇಫಗಳುಳ್ಳದ್ದು ದ್ವಿರೇಫ, ಭ್ರಮರ ಎಂಬ ಪದದಲ್ಲಿ ರಕಾರ ಎರಡು ಬಾರಿ ಬರುವುದರಿಂದ ಪದದ ಕಾಗುಣಿತವೇ ಪ್ರಾಣಿಯ ಹೆಸರಾಗಿ ನಿಂತಿತು.

ಆದರೆ ಕವಿಗಳ ಭ್ರಮರ ಈ ಮರ ಕೊರೆಯುವ ಜೇನೇ ಎಂದು ಹೇಗೆ ಹೇಳುವುದು? ಸಾಕ್ಷಿ ಸುಭಾಷಿತದಲ್ಲಿಯೇ ಇದೆ. ಚಾಣಕ್ಯನ ಹೆಸರಿನಲ್ಲಿ ಪ್ರಚಲಿತವಾಗಿರುವ ನೀತಿಶ್ಲೋಕಗಳಲ್ಲಿ ಒಂದು ಪ್ರೀತಿಯ ಬಂಧನವನ್ನು ಕುರಿತದ್ದು. ಅದಕ್ಕೆ ಕೊಡುವ ನಿದರ್ಶನ ಮರವನ್ನು ಭೇದಿಸುವುದರಲ್ಲಿ ನಿಪುಣನಾದರೂ ತಾವರೆಯ ಮೊಗ್ಗಿನಲ್ಲಿ ಸಿಕ್ಕಿಕೊಂಡಾಗ ಕೈಕಟ್ಟಿ ಕುಳಿತುಬಿಡುವ ಆರುಕಾಲಿನ ಜೀವಿಯದು. ಜೇನುನೊಣ ಮರ ಕೊರೆಯಲಾರದು. ಮರವನ್ನು ಕೊರೆದು, ಹೂವಿಗೂ ಹೋಗುವ ಕಪ್ಪು ಜೀವಿ ನಮ್ಮ ನಾಡಿನಲ್ಲಿ ಬಡಗಿ ದುಂಬಿಯಲ್ಲದೆ ಮತ್ತಾವುದು? ಆ ಶ್ಲೋಕ ಕಟ್ಟಿದವನು ತನ್ನ ಮನೆಯ ಕಂಬವನ್ನೂ ಊರಿನ ಕೆರೆಯನ್ನೂ ಸಮನಾಗಿ ನೋಡಿದ್ದವನು.

ಇನ್ನೂ ಸಾಕ್ಷಿಗಳಿವೆ. ಮುಂಗುರುಳಿಗೆ, ಇಂದ್ರನೀಲಮಣಿಗೆ, ಕತ್ತಲೆಗೆ ಕವಿಗಳು ದುಂಬಿಯನ್ನು ಹೋಲಿಸುತ್ತಾರೆ. ಮನ್ಮಥನ ಕಬ್ಬಿನ ಬಿಲ್ಲಿಗೆ ದುಂಬಿಗಳ ಸಾಲನ್ನೇ ಹೆದೆಯಾಗಿ ಬಿಗಿಯುತ್ತಾರೆ. ನಮ್ಮ ಹೆಜ್ಜೇನು, ತುಡುವೆಗಳು ಕಂದುಹಳದಿ ಪಟ್ಟೆಯವು. ಅವನ್ನು ಕಂಡು ಯಾರಿಗೂ ನೀಲಮಣಿಯ ನೆನಪಾಗದು. ಪಂಪ ತನ್ನ ಬನವಾಸಿಯನ್ನು ನೆನೆದು ಮರುಹುಟ್ಟಿಗಾಗಿ ಆರಿಸಿಕೊಂಡ ಜೀವಗಳಲ್ಲಿ ಒಂದು ದುಂಬಿ ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಪರಶುರಾಮರು ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ ಇಂದ್ರನು ದುಂಬಿಯಾಗಿ ಬಂದು ಕರ್ಣನ ತೊಡೆಯನ್ನು ಕೊರೆದ ಕಥೆಯನ್ನು ನಮ್ಮ ಅಜ್ಜಿ ಜಗಲಿಯಲ್ಲಿ ಕುಳಿತು ಹೇಳುತ್ತಿದ್ದರು. ಕಟೀಲಿನ ಸ್ಥಳಪುರಾಣದಲ್ಲಿ ಎರಡು ಕಾಲಿನವರಿಂದಲೂ ನಾಲ್ಕು ಕಾಲಿನವುಗಳಿಂದಲೂ ಸಾವಿಲ್ಲದ ಅರುಣಾಸುರನನ್ನು ದೇವಿ ಆರು ಕಾಲಿನ ದುಂಬಿಯಾಗಿ ಕೊಂದಳು. ಕೊರೆಯುವ ಬಲವುಳ್ಳದ್ದು ದುಂಬಿ ಎಂಬ ತಿಳಿವಳಿಕೆ ಈ ಕಥೆಗಳ ಬೆನ್ನಿಗಿದೆ. ನಾನು ಮಾತ್ರ ಕಾವ್ಯವನ್ನು ಪುಸ್ತಕದಲ್ಲಿಟ್ಟು, ಹುಳುವನ್ನು ತೊಲೆಯಲ್ಲಿಟ್ಟು, ಎರಡರ ನಡುವೆ ಗೋಡೆ ಕಟ್ಟಿದ್ದೆ.

ಇನ್ನು ವಿಜ್ಞಾನದ ಇತಿಹಾಸಕ್ಕೆ ಬರೋಣ. ಯುರೋಪಿನಲ್ಲಿ ಈ ಜೀವಿಯ ಮನೆವಾರ್ತೆಯನ್ನು ವಿಸ್ತಾರವಾಗಿ ಬರೆದವರಲ್ಲಿ ಮೊದಲಿಗರು ಫ್ರಾನ್ಸಿನ ರೇಮ್ಯೂರ್. ಉಷ್ಣತೆಯನ್ನು ಅಳೆಯುವ ಒಂದು ಮಾಪಕಕ್ಕೆ ಇವರದೇ ಹೆಸರಿದೆ. ಕೀಟಗಳನ್ನು ಕುರಿತು ಇವರು ಆರು ಸಂಪುಟಗಳನ್ನು ಬರೆದರು. 1742ರಲ್ಲಿ ಹೊರಬಂದ ಆರನೆಯ ಸಂಪುಟದಲ್ಲಿ ಮರ ಕೊರೆಯುವ ಜೇನಿನ ವರ್ಣನೆಯಿದೆ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಯುರೋಪಿನ ನೇರಳೆ ಬಡಗಿ ದುಂಬಿಗೆ ವೈಜ್ಞಾನಿಕ ಹೆಸರು ಕೊಟ್ಟಾಗ ಅದನ್ನು ಜೇನುನೊಣದ ಕುಲಕ್ಕೇ ಸೇರಿಸಿದ. 1802ರಲ್ಲಿ ಫ್ರಾನ್ಸಿನ ಲಾತ್ರೇಯ್ ಎಂಬ ವಿದ್ವಾಂಸ ಇವುಗಳನ್ನು ಪ್ರತ್ಯೇಕಿಸಿ ಕ್ಸೈಲೊಕೋಪ ಎಂಬ ಹೊಸ ಕುಲವನ್ನು ಮಾಡಿದ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಮರ ಕಡಿಯುವವನು. ಅಮರಸಿಂಹ ಬೇರೆ ಬೇರೆ ಕಡೆ ಇಟ್ಟಿದ್ದ ಎರಡು ಜೀವಿಗಳು ಅಲ್ಲಿಯೂ ಬೇರೆಯಾದವು. ಇದನ್ನು ನಮ್ಮ ಹಿರಿಮೆ ಸಾರಲೆಂದು ಹೇಳುತ್ತಿಲ್ಲ; ಕಣ್ಣು ತೆರೆದು ನೋಡಿದವರು ಯಾವ ನಾಡಿನಲ್ಲಿದ್ದರೂ ಒಂದೇ ಕಡೆಗೆ ಬಂದು ಸೇರುತ್ತಾರೆ ಎಂದಷ್ಟೇ ನನ್ನ ತಾತ್ಪರ್ಯ. ಇಂದು ಈ ಕುಲದಲ್ಲಿ ಸುಮಾರು 500 ಪ್ರಭೇದಗಳನ್ನು ಗುರುತಿಸಲಾಗಿದೆ.

ಲಿನೇಯಸನ ಶಿಷ್ಯರಲ್ಲಿ ಫ್ಯಾಬ್ರಿಷಿಯಸ್ ಎಂಬುವನೊಬ್ಬ. ಡೆನ್ಮಾರ್ಕಿನವನಾದ ಈತ 1804ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ನಮ್ಮ ಕಡೆಯ ಒಂದು ದುಂಬಿಗೆ ಟ್ರಾಂಕ್ವೆಬಾರಿಕಾ ಎಂಬ ಹೆಸರಿದೆ. ಟ್ರಾಂಕ್ವೆಬಾರ್ ಎಂದರೆ ತಮಿಳುನಾಡಿನ ಕರಾವಳಿಯ ತರಂಗಂಬಾಡಿ. 1620ರಿಂದ 1845ರವರೆಗೆ ಅದು ಡೇನರ ನೆಲೆಯಾಗಿತ್ತು. ಈ ಹೆಸರನ್ನು ಮರೆಯಬೇಡಿ, ಮುಂದೆ ಮತ್ತೆ ಬರುತ್ತದೆ. ಅನಂತರ ಬ್ರಿಟಿಷರ ಕಾಲದಲ್ಲಿ ಸೈನ್ಯದಲ್ಲಿದ್ದು ಬರ್ಮಾದ ಅರಣ್ಯ ಇಲಾಖೆಯಲ್ಲಿ ದುಡಿದ ಚಾರ್ಲ್ಸ್ ಥಾಮಸ್ ಬಿಂಗ್‌ಹ್ಯಾಮ್ 1897ರಲ್ಲಿ ಭಾರತ ಮತ್ತು ಬರ್ಮಾಗಳ ಕಣಜ, ಜೇನುಗಳ ಸಂಪುಟವನ್ನು ಹೊರತಂದರು. ಎರಡು ವರ್ಷಗಳ ಬಳಿಕ, 1899ರಲ್ಲಿ, ಪರ್ಕಿನ್ಸ್ ಎಂಬ ಕೀಟತಜ್ಞರು ಒಂದು ವಿಚಿತ್ರವನ್ನು ವರದಿ ಮಾಡಿದರು. ಏಷ್ಯಾದ ಕೆಲವು ಬಡಗಿ ದುಂಬಿಗಳ ಹೆಣ್ಣಿಗೆ ಸೊಂಟದ ಬಳಿ ಒಂದು ಸಣ್ಣ ಕೋಣೆಯಿದೆ. ಅದರೊಳಗೆ ಅತಿಸಣ್ಣ ನುಸಿಗಳು ವಾಸಿಸುತ್ತವೆ. ಹೆಣ್ಣು ಹೊಸ ಗೂಡಿಗೆ ಹೋದಾಗ ಅವೂ ಅವಳ ಜೊತೆ ಹೋಗುತ್ತವೆ. ಮರದಲ್ಲಿ ಮನೆ ಮಾಡುವವಳು ತನ್ನ ಮೈಯಲ್ಲಿ ಇನ್ನೊಬ್ಬರಿಗೆ ಮನೆ ಕೊಟ್ಟಿದ್ದಾಳೆ!

ಈಗ ಮರದ ಒಳಗೆ ನಡೆಯುವುದೇನೆಂದು ನೋಡೋಣ. ಬಡಗಿ ದುಂಬಿ ಮರವನ್ನು ತಿನ್ನುವುದಿಲ್ಲ. ಹೆಣ್ಣು ತನ್ನ ಗಟ್ಟಿ ದವಡೆಗಳಿಂದ ಒಣಮರವನ್ನು ಕೆರೆದು, ಹೊಟ್ಟನ್ನು ಹೊರಕ್ಕೆ ತಳ್ಳಿ ಸುರಂಗ ಮಾಡುತ್ತಾಳೆ. ಸ್ವಲ್ಪ ಒಳಕ್ಕೆ ಹೋದ ಮೇಲೆ ಮರದ ಎಳೆಯನ್ನು ಅನುಸರಿಸಿ ತಿರುಗುತ್ತಾಳೆ. ಬಡಗಿಯೂ ಹಾಗೆಯೇ ಎಳೆ ನೋಡಿಯೇ ಉಳಿ ಹಾಕುತ್ತಾನೆ. ಸುರಂಗದ ಕೊನೆಯಲ್ಲಿ ಹೂಪರಾಗ ಮತ್ತು ಮಕರಂದವನ್ನು ಕಲಸಿ ಒಂದು ಉಂಡೆ ಮಾಡಿ, ಅದರ ಮೇಲೆ ಒಂದೇ ಒಂದು ಮೊಟ್ಟೆಯಿಟ್ಟು, ಮರದ ಹೊಟ್ಟಿನ ಬಿಲ್ಲೆಯಿಂದ ಆ ಕೋಣೆಯನ್ನು ಮುಚ್ಚುತ್ತಾಳೆ. ಅದರ ಮುಂದೆ ಇನ್ನೊಂದು ಉಂಡೆ, ಇನ್ನೊಂದು ಮೊಟ್ಟೆ. ಹೀಗೆ ಒಂದು ಸಾಲಿನಲ್ಲಿ ಕೆಲವೇ ಕೋಣೆಗಳು. ಹೆಜ್ಜೇನಿನ ರಾಣಿ ಸಾವಿರಗಟ್ಟಲೆ ಮೊಟ್ಟೆಯಿಟ್ಟರೆ ಇವಳದು ಬೆರಳೆಣಿಕೆಯ ಸಂಸಾರ. ಅದಕ್ಕೆ ತಕ್ಕಂತೆ ಮೊಟ್ಟೆ ಬಹಳ ದೊಡ್ಡದು. ಈಶಾನ್ಯ ಭಾರತದಲ್ಲಿಯೂ ಇರುವ ಆರಿಪೆನ್ನಿಸ್ ಎಂಬ ಬಡಗಿ ದುಂಬಿಯ ಮೊಟ್ಟೆ 16.5 ಮಿಲಿಮೀಟರ್ ಉದ್ದವಿದ್ದು, ಕೀಟಲೋಕದ ಅತಿ ಉದ್ದನೆಯ ಮೊಟ್ಟೆಗಳಲ್ಲಿ ಒಂದೆಂದು ದಾಖಲಾಗಿದೆ.

ಮರಿಗಳು ಬಲಿತು ಹೊರಬಂದ ಕೂಡಲೇ ಮನೆ ಬಿಡುವುದಿಲ್ಲ. ಅನೇಕ ಪ್ರಭೇದಗಳಲ್ಲಿ ತಾಯಿ ಮಕ್ಕಳು ಕೆಲಕಾಲ ಒಂದೇ ಗೂಡಿನಲ್ಲಿರುತ್ತಾರೆ. ತಾಯಿ ತಂದ ಆಹಾರವನ್ನು ಬೆಳೆದ ಮಕ್ಕಳು ಉಣ್ಣುತ್ತಾರೆ. ಕೆಲವೊಮ್ಮೆ ಒಬ್ಬಳು ಬಾಗಿಲಿನಲ್ಲಿ ಕಾವಲಿರುತ್ತಾಳೆ. ಹಳೆಯ ಸುರಂಗವನ್ನೇ ಮುಂದಿನ ಪೀಳಿಗೆ ಶುಚಿಮಾಡಿ, ಉದ್ದ ಮಾಡಿ ಬಳಸುವುದೂ ಉಂಟು. ಎಂದರೆ ನಮ್ಮ ಜಗಲಿಯ ಕಂಬ ನಮ್ಮ ಮನೆತನಕ್ಕೆ ಮಾತ್ರವೇ ಪಿತ್ರಾರ್ಜಿತವಲ್ಲ. ಬಿಟ್ಟುಹೋದ ಸುರಂಗಗಳಲ್ಲಿ ಎಲೆಕತ್ತರಿಸುವ ಜೇನು, ಒಂಟಿ ಕಣಜಗಳಂಥ ಇತರ ಕೀಟಗಳೂ ಬಿಡಾರ ಹೂಡುತ್ತವೆ. ಮುಖದ ಹತ್ತಿರವೇ ಹಾರಾಡಿ ಮಕ್ಕಳನ್ನು ಹೆದರಿಸುವುದು ಹೆಚ್ಚಾಗಿ ಗಂಡು. ಅವನಿಗೆ ಕೊಂಡಿಯೇ ಇಲ್ಲ. ಹೆಣ್ಣಿಗೆ ಕೊಂಡಿಯಿದ್ದರೂ ಹಿಡಿದು ಹಿಂಸಿಸದ ಹೊರತು ಚುಚ್ಚುವುದು ಅಪರೂಪ.

ದುಂಬಿಯಿಂದ ಸುತ್ತಲಿನ ಸಸ್ಯಲೋಕಕ್ಕೆ ಆಗುವ ಉಪಕಾರ ಅದರ ಝೇಂಕಾರದಿಂದಲೇ ಆರಂಭವಾಗುತ್ತದೆ. ಬಯಲುಸೀಮೆಯ ರಸ್ತೆಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡವನ್ನು ನೋಡಿದ್ದೀರಿ. ಅದನ್ನು ಆವರಿಕೆ ಎಂದೂ ಕರೆಯುತ್ತಾರೆ. ಚರ್ಮ ಹದಮಾಡಲು ಅದರ ತೊಗಟೆಯನ್ನು ಬಳಸುತ್ತಿದ್ದರು. ಅದರ ಪರಾಗಕೋಶ ಉಪ್ಪಿನ ಡಬ್ಬಿಯಂತೆ ತುದಿಯಲ್ಲಿ ಮಾತ್ರ ತೂತುಳ್ಳದ್ದು. ದುಂಬಿ ಹೂವನ್ನು ಬಿಗಿಯಾಗಿ ಅಪ್ಪಿಕೊಂಡು, ರೆಕ್ಕೆ ಬಡಿಯದೆ, ಹಾರಾಟದ ಸ್ನಾಯುಗಳನ್ನು ಮಾತ್ರ ಅತಿವೇಗವಾಗಿ ಅದುರಿಸುತ್ತದೆ. ಆ ಕಂಪನಕ್ಕೆ ಪರಾಗ ತೂತಿನಿಂದ ಚಿಮ್ಮುತ್ತದೆ. ನಮ್ಮ ಜೇನುನೊಣಗಳಿಗೆ ಈ ವಿದ್ಯೆ ತಿಳಿಯದು. ಬದನೆ, ಟೊಮೇಟೊಗಳ ಹೂಗಳೂ ಇದೇ ಬಗೆಯವು. ಅವು ತಾವಾಗಿಯೂ ಕಾಯಿ ಕಟ್ಟಬಲ್ಲವಾದರೂ ಹೀಗೆ ಅದುರಿಸುವ ಜೇನು ಬಂದಾಗ ಕಾಯಿ ಚೆನ್ನಾಗಿ ಕಟ್ಟುತ್ತದೆ. ಕವಿಗಳಿಗೆ ಸಂಗೀತವಾಗಿ ಕೇಳಿದ ಝೇಂಕಾರ ಗಿಡಗಳಿಗೆ ಬೀಜದ ದಾರಿ.

ರಥಸಪ್ತಮಿಯ ದಿನ ನಾವು ತಲೆಯ ಮೇಲೆ, ಭುಜದ ಮೇಲೆ ಎಕ್ಕದ ಎಲೆಯಿಟ್ಟುಕೊಂಡು ಸ್ನಾನ ಮಾಡುತ್ತೇವೆ; ಎಕ್ಕದ ಹೂವಿನ ಹಾರವನ್ನು ದೇವರಿಗೆ ಹಾಕುತ್ತೇವೆ. ಎಕ್ಕದ ಪರಾಗ ಪುಡಿಯಲ್ಲ. ಜೋಡಿ ಗಂಟುಗಳಾಗಿ ಅಂಟಿಕೊಂಡಿರುತ್ತದೆ. ಮಕರಂದಕ್ಕೆ ಬಂದ ಕೀಟದ ಕಾಲು ಹೂವಿನ ಸೀಳಿನಲ್ಲಿ ಸಿಕ್ಕಿದಾಗ ಆ ಜೋಡಿ ಗಂಟು ಕೊಕ್ಕೆಯಂತೆ ಕಾಲಿಗೆ ಕಚ್ಚಿಕೊಳ್ಳುತ್ತದೆ. ಅದನ್ನು ಕಿತ್ತು ಮುಂದಿನ ಹೂವಿಗೆ ಒಯ್ಯಲು ಬಲ ಬೇಕು. ದುರ್ಬಲ ಕೀಟಗಳಿಂದ ಆಗುವ ಕೆಲಸವಲ್ಲ. 1979ರಲ್ಲಿ ಟಿ.ಎಂ. ರಾಮಕೃಷ್ಣ ಮತ್ತು ಜಿ.ಡಿ. ಅರೆಕಲ್ ಅವರು ಎಕ್ಕದ ಪರಾಗಸ್ಪರ್ಶವನ್ನು ಕುರಿತು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಅದೇ ಪತ್ರಿಕೆಯಲ್ಲಿ 2006ರಲ್ಲಿ ಸಾಲೊಮನ್ ರಾಜು ಮತ್ತು ಪೂರ್ಣಚಂದ್ರ ರಾವ್ ಅವರು ನಮ್ಮ ದೇಶದ ಎರಡು ಬಡಗಿ ದುಂಬಿಗಳ ಗೂಡು ಮತ್ತು ಆಹಾರದ ಹೂಗಳನ್ನು ವಿವರವಾಗಿ ದಾಖಲಿಸಿದರು. ಎಕ್ಕಕ್ಕೂ ದುಂಬಿಗೂ ಇರುವ ನಂಟು ಹೀಗೆ ವಿದ್ವಾಂಸರ ಲೆಕ್ಕಕ್ಕೆ ಬಂತು. ನಮ್ಮ ಹಬ್ಬದ ಎಕ್ಕಕ್ಕೂ ಜಗಲಿಯ ತೂತಿಗೂ ಸಂಬಂಧವಿದೆಯೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಈಗ ತರಂಗಂಬಾಡಿಯ ಹೆಸರಿನ ದುಂಬಿಗೆ ಮರಳೋಣ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಭೀಮಾಶಂಕರ ಎಂಬ ಜ್ಯೋತಿರ್ಲಿಂಗ ಕ್ಷೇತ್ರವಿದೆ; ಸುತ್ತಲೂ ಕಾಡು. ಅಲ್ಲಿ ಮರಾಠಿಯಲ್ಲಿ ವಾರಸ್ ಎನ್ನುವ, ರಾತ್ರಿ ಬಿಳಿ ಹೂ ಅರಳಿಸುವ ಮರವೊಂದಿದೆ. ಅದಕ್ಕೆ ರಾತ್ರಿಯಲ್ಲಿ ಪರಾಗಸ್ಪರ್ಶ ಮಾಡುವುದು ಬಡಗಿ ದುಂಬಿ ಎಂದು ಹೇಮಾ ಸೋಮನಾಥನ್ ಮತ್ತು ರೆನೀ ಬೋರ್ಜಸ್ 2001ರಲ್ಲಿ ಪ್ರಕಟಿಸಿದರು. ಬೋರ್ಜಸ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಇವರಿಬ್ಬರೂ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳೊಡನೆ ಸೇರಿ 2008ರಲ್ಲಿ ಇನ್ನೂ ಅಚ್ಚರಿಯ ಸಂಗತಿಯನ್ನು ಹೊರಗೆಡಹಿದರು. ಟ್ರಾಂಕ್ವೆಬಾರಿಕಾ ದುಂಬಿ ಚಂದ್ರನಿಲ್ಲದ ರಾತ್ರಿಯಲ್ಲಿಯೂ ಹಾರುತ್ತದೆ. ಅಷ್ಟೇ ಅಲ್ಲ, ನಕ್ಷತ್ರಗಳ ಬೆಳಕೊಂದರಲ್ಲಿಯೇ ತನ್ನ ಗೂಡಿನ ಬಾಗಿಲಿನ ಬಣ್ಣದ ಗುರುತನ್ನು ಇತರ ಬಣ್ಣಗಳಿಂದ ಬೇರ್ಪಡಿಸಿ ತಿಳಿಯುತ್ತದೆ. ಆ ಬೆಳಕಿನಲ್ಲಿ ಮನುಷ್ಯನ ಕಣ್ಣಿಗೆ ಎಲ್ಲ ಬಣ್ಣಗಳೂ ಒಂದೇ ಬೂದು. 1804ರಲ್ಲಿ ಹೆಸರು ಪಡೆದ ಜೀವಿಯ ಈ ಶಕ್ತಿ ವಿಜ್ಞಾನಕ್ಕೆ ತಿಳಿಯಲು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಈ ಭಾಗವನ್ನು ಓದುವಾಗ ನನಗೆ ನೆನಪಾದದ್ದು, ಮುಚ್ಚಿದ ಬಾಗಿಲುಗಳ ಮುಂದೆ ಕತ್ತಲಾಗುವವರೆಗೂ ಸುತ್ತುತ್ತಿದ್ದ ನಮ್ಮ ಶಾಲೆಯ ದುಂಬಿಗಳು. ಅವು ರಾತ್ರಿ ಹಾರುವ ಜಾತಿಯವಲ್ಲ. ಆದರೂ ತಮ್ಮ ಬಾಗಿಲು ಯಾವುದೆಂದು ಅವಕ್ಕೆ ಖಚಿತವಾಗಿ ಗೊತ್ತಿತ್ತು.

ರೈತರಿಗೂ ಈ ಜೀವಿಯ ಋಣವಿದೆ. ತೊಗರಿ, ಅಲಸಂದೆಗಳಂಥ ದ್ವಿದಳ ಬೆಳೆಗಳ ಹೂವನ್ನು ಒತ್ತಿ ತೆರೆಯಲು ದೊಡ್ಡ ಮೈಯ ಜೇನು ಬೇಕು. ಕೆನ್ಯಾ ದೇಶದಲ್ಲಿ ಬಡಗಿ ದುಂಬಿಗಳ ಬೆನ್ನಿಗೆ ಪುಟ್ಟ ರೇಡಿಯೊ ಸಾಧನ ಅಂಟಿಸಿ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅಲಸಂದೆಗೆ ಹೋಗುವ ಆ ದುಂಬಿ ಗೂಡಿನಿಂದ 6 ಕಿಲೋಮೀಟರ್ ದೂರದವರೆಗೂ ಹಾರಬಲ್ಲದು ಎಂದು ತಿಳಿಯಿತು. ಹಳದಿ ಪ್ಯಾಷನ್ ಹಣ್ಣಿನ ಬಳ್ಳಿಯದು ಇನ್ನೂ ಸ್ಪಷ್ಟ ಉದಾಹರಣೆ. ಅದಕ್ಕೆ ಬೇರೊಂದು ಬಳ್ಳಿಯ ಪರಾಗವೇ ಬೇಕು. ಹೂವಿನ ಪರಾಗಕೋಶಗಳು ಮಕರಂದಕ್ಕಿಂತ ಎಷ್ಟೋ ಮೇಲಿರುವುದರಿಂದ ಸಣ್ಣ ಜೇನು ಕೆಳಗೆ ನುಸುಳಿ ಮಕರಂದ ಕುಡಿದು ಹೋಗುತ್ತದೆ. ದುಂಬಿಯ ಬೆನ್ನು ಮಾತ್ರ ಅವುಗಳಿಗೆ ತಾಗುತ್ತದೆ. ಬ್ರೆಜಿಲ್ ದೇಶದಲ್ಲಿ ದುಂಬಿ ಸಾಲದ ತೋಟಗಳಲ್ಲಿ ಕೂಲಿಯಾಳುಗಳು ಹೂವಿಂದ ಹೂವಿಗೆ ಕೈಯಿಂದಲೇ ಪರಾಗ ಹಚ್ಚುತ್ತಾರೆ. ಆದ್ದರಿಂದಲೇ ಅಲ್ಲಿಯ ಸಂಶೋಧಕರು 2003ರ ಹೊತ್ತಿಗೆ ದುಂಬಿ ಸಾಕಲು ಮರದ ಗೂಡುಪೆಟ್ಟಿಗೆಗಳನ್ನು ರೂಪಿಸಿದರು. ನಾನು ಸಿಮೆಂಟು ಹಾಕಿ ಮುಚ್ಚಿದ್ದನ್ನು ಅವರು ಬೆಲೆ ಕೊಟ್ಟು ಮಾಡಿಸುತ್ತಿದ್ದಾರೆ. ದುಂಬಿ ಸಾಧುವೆಂದು ಹೊಗಳಲು ಹೊರಟಿಲ್ಲ. ಉದ್ದ ಕೊಳವೆಯ ಹೂಗಳಲ್ಲಿ ಅದು ಬುಡವನ್ನೇ ಸೀಳಿ, ಪರಾಗ ಮುಟ್ಟದೆ ಮಕರಂದ ಕದಿಯುವುದೂ ಉಂಟು. ವರ್ಷಗಟ್ಟಲೆ ಕೊರೆದರೆ ತೊಲೆ ಬಲಗೆಡುವುದೂ ನಿಜ. ಆದರೆ ಕೊಟ್ಟು ಕೊಂಡ ಲೆಕ್ಕವನ್ನು ಪೂರ್ತಿ ಬರೆದರೆ ಬಾಕಿ ನಮ್ಮ ಕಡೆಗೇ ಉಳಿಯುತ್ತದೆ.

ನಮ್ಮ ಅಜ್ಜಂದಿರ ಕಾಲದ ಮಲೆನಾಡಿನ ಮನೆಯನ್ನು ನೆನೆಯಿರಿ. ಮರದ ಕಂಬ, ಬಿದಿರ ಗಳ, ಕೊಟ್ಟಿಗೆಯ ಅಡ್ಡೆ, ಹಿತ್ತಿಲ ಒಣಬೇಲಿ, ವರ್ಷವಿಡೀ ಇರುತ್ತಿದ್ದ ಸೌದೆಯ ಒಟ್ಟಿಲು. ದುಂಬಿಗೆಂದು ಯಾರೂ ಏನನ್ನೂ ಇಡಲಿಲ್ಲ, ಆದರೆ ಎಲ್ಲವೂ ಇತ್ತು. ಬಳಿಕ ಕಂಬದ ಜಾಗಕ್ಕೆ ಕಾಂಕ್ರೀಟು ಬಂತು. ಗಳದ ಜಾಗಕ್ಕೆ ಕಬ್ಬಿಣದ ಕೊಳವೆ. ಬೇಲಿಯ ಜಾಗಕ್ಕೆ ತಂತಿ. ಒಲೆಯ ಜಾಗಕ್ಕೆ ಗ್ಯಾಸು. ಇದರಲ್ಲಿ ಯಾವುದನ್ನೂ ತಪ್ಪೆನ್ನಲಾರೆ. ಹೊಗೆಯಲ್ಲಿ ಕಣ್ಣು ಕಳೆದುಕೊಂಡ ನನ್ನ ತಾಯಿಯನ್ನು ನೆನೆದರೆ ಹಾಗೆನ್ನುವ ಧೈರ್ಯವೂ ಬಾರದು. ಆದರೆ ಬದಲಾವಣೆಯ ಪ್ರತಿ ಹೆಜ್ಜೆಯಲ್ಲಿಯೂ ಒಣಮರವೊಂದು ಕಡಿಮೆಯಾಯಿತು, ಅದರೊಂದಿಗೆ ಒಂದು ಸಂಸಾರದ ನೆಲೆ ಹೋಯಿತು ಎಂಬುದನ್ನು ಮನೆ ಬದಲಿಸಿದ ನಾವು ಯಾರೂ ಗಮನಿಸಲಿಲ್ಲ.

ಆದ್ದರಿಂದ ಎರಡು ಮಾತು. ತೋಟ, ಹಿತ್ತಿಲು ಇರುವ ನನ್ನ ವಿದ್ಯಾರ್ಥಿಗಳಿಗೆ: ಉಳಿಸಿಕೊಳ್ಳಬೇಕಾದ ತೊಲೆ, ಕಿಟಕಿಗಳಿಗೆ ಬಣ್ಣ ಹಚ್ಚಿ, ಬಣ್ಣ ಹಚ್ಚಿದ ಮರವನ್ನು ದುಂಬಿ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಆದರೆ ಮಳೆ ತಾಗದ ಕಡೆ ಒಂದು ಒಣ ಕೊರಡನ್ನೋ, ಹಿಂಬದಿಗೆ ಗಿಣ್ಣು ಉಳಿಸಿ ಕತ್ತರಿಸಿದ ನಾಲ್ಕು ಬಿದಿರಿನ ಅಂಡೆಗಳನ್ನೋ ಅಡ್ಡಲಾಗಿ ಕಟ್ಟಿಡಿ. ಬೇಲಿಯ ಮೂಲೆಯ ಎಕ್ಕವನ್ನು ಕಡಿಯಬೇಡಿ.

ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಬೇಸಿಗೆಯಲ್ಲಿ ಮನೆ ಬಿಚ್ಚುವಾಗ ಪಡುವಣ ಜಗಲಿಯ ಕೊನೆಯ ಕಂಬವನ್ನು ಸೌದೆಗೆ ಹಾಕಬೇಡಿ. ವ್ಯಾಪಾರಿಯ ಪುಸ್ತಕದಲ್ಲಿ ಅದಕ್ಕೆ ಬೆಲೆಯಿಲ್ಲ. ಆದ್ದರಿಂದ ಯಾರ ಪಾಲಿಗೂ ನಷ್ಟವಿಲ್ಲ. ಬಾವಿಯ ಪಕ್ಕದ ಹಳೆಯ ಕೊಟ್ಟಿಗೆಯ ಮಾಡಿನ ಕೆಳಗೆ ಅದನ್ನು ಹಾಗೆಯೇ ನಿಲ್ಲಿಸೋಣ. ಸಂಜೆ ಕತ್ತಲಾಗಿ ಎಲ್ಲವೂ ಗೂಡು ಸೇರಿದ ಮೇಲೆ, ತೂತುಗಳ ದಿಕ್ಕು ಬದಲಾಗದಂತೆ ಸಾಗಿಸಿದರೆ ಒಳಗಿರುವವು ಉಳಿದಾವು ಎಂಬ ಆಸೆ ನನಗಿದೆ. ಅಜ್ಜ ನೆಡಿಸಿದ ಕಂಬ. ನನ್ನ ಪಾಲೆಂದು ಅದೊಂದನ್ನು ಕೊಟ್ಟರೆ ಸಾಕು.

ಕೊನೆಯದಾಗಿ, 1984ರಲ್ಲಿ ಏಣಿ ಹಿಡಿದು ನಿಂತಿದ್ದ ಆ ವಿದ್ಯಾರ್ಥಿನಿಗೆ. ಎಲ್ಲಿದ್ದೀಯೋ ತಿಳಿಯದು, ನಿನಗೂ ಈಗ ಮೊಮ್ಮಕ್ಕಳಿರಬಹುದು. ಇದನ್ನು ಓದಿದರೆ, ತಾಯಿ, ಆ ದಿನ ನೀನು ಕೇಳಿದ್ದೇ ಸರಿ. ಪಾಠದಲ್ಲಿದ್ದ ದುಂಬಿ ಅದೇ. ಮೇಷ್ಟ್ರಿಗೆ ಗೊತ್ತಿರಲಿಲ್ಲ.